ಅಮ್ಮನ ಕರ್ಣಕುಂಡಲ, ಹನ್ನೊಂದು ಸಸಿ

ಏಪ್ರಿಲ್ 3, ಸಂಜೆ 7

ಹನ್ನೊಂದೂ ಸಸಿ ನೆಟ್ಟಾಯಿತು — ನಮ್ಮ ಮನೆಯ, ಹೌದು, ನಮ್ಮದೇ ಮನೆಯ ಅಂಗಳದಲ್ಲಿ ಅಮ್ಮನ ಕರ್ಣಕುಂಡಲ! ಮದುವೆಯಾಗಿ ಇಪ್ಪತ್ತಾರು ದಿನ. ಕೈಯೆಲ್ಲ ಮಣ್ಣು, ಪೆನ್ನಿಗೂ ಮಣ್ಣು. ಇರಲಿ!

ಅಮ್ಮ ನರ್ಸ್ ಕೆಲಸದಿಂದ ರಿಟೈರ್ ಆಗಿ ಆಸ್ಪತ್ರೆಯ ಕ್ವಾರ್ಟರ್ಸ್ ಬಿಟ್ಟಳು. ಅವಳ ತೋಟವಿದ್ದಲ್ಲಿ ಈಗ ಕಾರ್ ಶೆಡ್. ಈ ಸಲ ಬೀಜವನ್ನೂ ಎತ್ತಿಡಲಿಲ್ಲ. ಅಂದರೆ ಉಳಿದಿರುವುದು ಹೊರಡುವಾಗ ಅವಳು ಕುಂಡದಲ್ಲಿ ಹಾಕಿ ಕೊಟ್ಟ ಇವಿಷ್ಟೇ.

ಜೊತೆಗೆ ಅವಳ ಚೀಟಿ. ಸಂಜೆಯೇ ನೆಡಬೇಕು. ನೀರು ಬುಡಕ್ಕೆ, ಎಲೆಗಲ್ಲ. ಸುತ್ತ ಒಣ ಎಲೆ ಹೊದಿಸಬೇಕು. ಮೊಗ್ಗು ಬಂದರೆ ಚಿವುಟಬೇಕು, ಮೊದಲು ಬೇರು ಹಿಡಿಯಲಿ. ಆರು ದಿನ ನೆರಳು. ಸಿಂಪಲ್!

ಏಪ್ರಿಲ್ 5

ಎಂಥ ಬಿಸಿಲಪ್ಪಾ... ಎರಡು ದಿನದಿಂದ ಇಟ್ಟ ಕೊಡೆಗಳ ನೆರಳು ಸಾಲದು. ನಾಲ್ಕು ಕೋಲು ನೆಟ್ಟು, ಬೆಡ್‌ರೂಮಿನ ಪರದೆ ಬಿಚ್ಚಿ ಚಪ್ಪರ ಕಟ್ಟಿದೆ. ಗಂಡ (ಹೀಗೆ ಬರೆದರೆ ಈಗಲೂ ನಗು!) ಕನ್ನಡಕದ ಅಂಗಡಿಯಿಂದ ಬಂದು ನೋಡಿದ.

"ಗಿಡಕ್ಕೆ ಪರದೆ, ಹೊಸ ಜೋಡಿಯ ಕಿಟಕಿಗೆ ನ್ಯೂಸ್‌ಪೇಪರಾ?"

ನೀರು ಹಾಕುವಾಗ ಒದ್ದೆ ಮಣ್ಣಿನ ವಾಸನೆ. ಕ್ವಾರ್ಟರ್ಸಿನ ಮೆಟ್ಟಿಲು ನೆನಪಾಯಿತು. ನೈಟ್ ಡ್ಯೂಟಿ ಮುಗಿಸಿ ಬಂದ ಅಮ್ಮ ಬಿಳಿ ಶೂ ಕೂಡ ಬಿಚ್ಚದೆ ಗಿಡದ ಹತ್ತಿರ ಹೋಗುತ್ತಿದ್ದಳು. ನಾನು ಬಲಿತ ಕಾಯಿ ಮುಟ್ಟುತ್ತಿದ್ದೆ — ಫಟ್! ಬೀಜವೆಲ್ಲ ಮೂಗಿಗೆ. ಎರಡನೇ ಕ್ಲಾಸಿನಲ್ಲಿ ಅಮ್ಮನನ್ನೇ ತಿದ್ದಿದ್ದೆ. "ಇದು ಕರ್ಣಕುಂಡಲ ಅಲ್ಲ, ಬಾಲ್ಸಮ್." "ಆಗಲಿ ಟೀಚರಮ್ಮಾ" ಅಂದಿದ್ದಳು, ನೀರು ಹಾಕುತ್ತಲೇ.

ಏಪ್ರಿಲ್ 9, ಬೆಳಿಗ್ಗೆ

ಆರು ದಿನ ಮುಗಿಯಿತು! ಪರದೆ ಬಿಚ್ಚಿ, ಒಗೆದು, ಮತ್ತೆ ಕಿಟಕಿಗೆ ಹಾಕಿದೆ. ಗಂಡ ಫುಲ್ ಖುಷ್.

ಮಧ್ಯಾಹ್ನ 3

ಎಲ್ಲವೂ ಮಲಗಿಬಿಟ್ಟಿವೆ. ಬೆಂದ ಸೊಪ್ಪಿನ ಹಾಗೆ. ಹನ್ನೊಂದೂ.

ಸಂಜೆ

ಫೋನಿನಲ್ಲಿ ನನ್ನ ಅಳು ಕೇಳಿ ಅವನು ಅಂಗಡಿ ಬಿಟ್ಟು ಓಡಿ ಬಂದ. ಚೀಟಿ ಕೇಳಿದ. ಓದಿದ. ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದ.

"ಮೇಡಂ, ಅಮ್ಮ ಕನ್ನಡ ಅಂಕೀಲಿ ಬರೆದಿದ್ದಾರೆ. ಇದು ಆರಲ್ಲ. ಒಂಬತ್ತು."

"ಎರಡೂ ಒಂದೇ ಥರ ಇದೆ!"

"ಬಾಲ ನೋಡು, ಬಾಲ. ಊರವರ ಕಣ್ಣೆಲ್ಲ ನಾನು ಟೆಸ್ಟ್ ಮಾಡ್ತೀನಿ, ಮನೇಲೇ ಒಂದು ಕೇಸು!"

ನನಗೆ ನಗು ಬರಲಿಲ್ಲ. ಇಷ್ಟು ಇಂಗ್ಲಿಷ್ ಕಲಿತು ಅಮ್ಮನ ಒಂದು ಅಂಕಿ ಓದಲು ಬರಲಿಲ್ಲ. ಅವನೇ ಪರದೆ ತಂದು ಮತ್ತೆ ಕಟ್ಟಿದ. ಬಿಸಿಲು ಇಳಿದ ಮೇಲೆ ಬುಡಕ್ಕೆ ನೀರು. ಇನ್ನು ಕಾಯುವುದು...

ಏಪ್ರಿಲ್ 13

ನಾಲ್ಕು ದಿನ ಬರೆಯಲು ಮನಸ್ಸೇ ಬರಲಿಲ್ಲ. ಎಂಟು ಎದ್ದು ನಿಂತಿವೆ. ಮೂರು ಹೋದವು. ಇವತ್ತು ಧೈರ್ಯ ಮಾಡಿ ಅಮ್ಮನಿಗೆ ಫೋನ್ ಮಾಡಿದೆ, ಎಲ್ಲ ಒಪ್ಪಿಸಿದೆ.

"ಬೈದುಬಿಡಮ್ಮಾ."

"ಎಂಟು ಉಳೀತಾ?"

"ಹೂಂ."

"ಮದುವೆ ಆದ ಹೊಸದ್ರಲ್ಲಿ ನಾನು ಇಪ್ಪತ್ತು ನೆಟ್ಟಿದ್ದೆ ಕಣೇ. ಎರಡೇ ಉಳಿದಿದ್ದು. ನೀನು ಮೂಗಿಗೆ ಹಾರಿಸ್ಕೊಂಡಿದ್ದೆಲ್ಲ ಆ ಎರಡರ ವಂಶ."

ಮೂಗು ಒರೆಸಿಕೊಂಡೆ. ಅವಳೂ ಒರೆಸಿಕೊಂಡಂತೆ ಕೇಳಿಸಿತು.

"ಇನ್ನೊಂದು ವಾರ ಪರದೆ ತೆಗೀಬೇಡ. ಮಿಕ್ಕಿದ್ದು ನಾನೇ ಬಂದು ನೋಡ್ತೀನಿ. ನಂಗೂ ಮಣ್ಣು ಮುಟ್ಟಿ ತಿಂಗಳಾಯ್ತು. ಟಿಕೆಟ್ ಆಗಿದೆ, ಬರ್ಕೋ."

ಬರೆದುಕೊಂಡೆ. ಶುಕ್ರವಾರ, ಬೆಳಿಗ್ಗೆ ಏಳೂ ಇಪ್ಪತ್ತರ ಪ್ಯಾಸೆಂಜರ್ ರೈಲು. ಈ ಸಲ ಅಂಕಿಯಲ್ಲಲ್ಲ, ಅಕ್ಷರದಲ್ಲೇ!