ಬುರಾನಸಾಬರ ಸತು, ನನ್ನ ಗೋವಿನಜೋಳ, ತಮ್ಮ ಬೀಗ

ಬೀಗ ಹಾಕಿಸಿದ ಮಾನ್ಯ ಅಧಿಕಾರಿಗಳೇ,

ತಪ್ಪು ದೂರು ಕೊಟ್ಟವನು ನಾನು. ಬೀಗ ಬಿದ್ದದ್ದು ಬುರಾನಸಾಬರ ಅಂಗಡಿಗೆ. ದೂರನ್ನು ವಾಪಸು ಪಡೆಯುತ್ತೇನೆಂದು ನಾಲ್ಕು ಸಲ ತಮ್ಮ ಕಚೇರಿಗೆ ಅಲೆದೆ. ದೂರು ಕೊಡಲು ಅವಕಾಶವಿದೆಯಂತೆ, ಹಿಂದೆಗೆದುಕೊಳ್ಳಲು ಇಲ್ಲವಂತೆ. ಆದ್ದರಿಂದ ಇಡೀ ಜಿಲ್ಲೆ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಯರಗಟ್ಟಿ ರಸ್ತೆಯ ಬದಿಗೆ ನನ್ನ ಹೊಲ. ಬದುವಿಗೆ ಹತ್ತಿಕೊಂಡೇ ಬುರಾನಸಾಬರ ತಗಡಿನ ಅಂಗಡಿ. ಕಬ್ಬಿಣದ ಬಕೆಟ್ಟುಗಳಿಗೆ ತುಕ್ಕು ಹಿಡಿಯದಂತೆ ಅವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದು ಅವರ ಕಸುಬು. ಉಳಿದ ಸತುವಿನ ಬೂದಿಯನ್ನು ಬದುವಿಗೆ ಸುರಿಯುತ್ತಾರೆ. ಈ ವರ್ಷ, ಅಂದರೆ ೧೯೭೭ರ ಮುಂಗಾರಿನಲ್ಲಿ, ನನ್ನ ಗೋವಿನಜೋಳದ ಎಳೆಯ ಎಲೆಗಳು ಬೆಳ್ಳಗಾದವು. ನನಗೆ ವಿಜ್ಞಾನ ಬರುವುದಿಲ್ಲ, ಸಿಟ್ಟು ಚೆನ್ನಾಗಿ ಬರುತ್ತದೆ. ಬೂದಿಯ ವಿಷವೆಂದು ಬರೆದುಕೊಟ್ಟೆ. ತಾವು ಜೀಪಿನಲ್ಲಿ ಕುಳಿತೇ ಹೊಲ ನೋಡಿ ಮೂರನೆಯ ದಿನಕ್ಕೆ ಬೀಗ ಹಾಕಿಸಿದಿರಿ. ಸರಕಾರ ಇಷ್ಟು ಚುರುಕಾಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಹೊಲದೊಳಗೆ ಇಳಿದು ನೋಡಿದವಳು ನನ್ನ ಹೆಂಡತಿ ಶೆಟ್ಟೆವ್ವ. “ಏನ್ರಿ, ಬೂದಿ ಹರದ ಕಡೆನ ಬೆಳಿ ಹಸರ ಐತಿ, ದೂರ ಇದ್ದದ್ದು ಬೆಳ್ಳಗ ಆಗೇತಿ. ಕಣ್ಣ ಎಲ್ಲಿಟ್ಟಿದ್ರಿ?” ಎಂದಳು. ಹೋಗಿ ನೋಡಿದೆ. ಬೂದಿ ದಪ್ಪಗೆ ಬಿದ್ದಲ್ಲಿ ಒಂದು ಮಾರಿನಷ್ಟು ಬೆಳೆ ಸುಟ್ಟಿತ್ತು, ನಿಜ. ಆದರೆ ಅಲ್ಲೂ ಗರಿಕೆ ಹಾಯಾಗಿತ್ತು. ಅದರಾಚೆ, ಮಳೆನೀರು ಬೂದಿಯನ್ನು ತೆಳ್ಳಗೆ ಹರಡಿದ ಆರು ಸಾಲು ಹಚ್ಚಹಸಿರು.

ಮಣ್ಣಿನ ಶಾಸ್ತ್ರ ಕಲಿಸುವ ಧಾರವಾಡದ ಮೇಷ್ಟ್ರೊಬ್ಬರಿಗೆ ಎಲೆ ಒಯ್ದು ತೋರಿಸಿದೆ. ಅವರು ನಕ್ಕುಬಿಟ್ಟರು. ಕಾಲುವೆ ನೀರಿಗೆಂದು ಹೊಲ ಸಮ ಮಾಡಿಸುವಾಗ ಮೇಲ್ಮಣ್ಣು ಹೋಗಿ, ಬೆಳೆಗೆ ಸತುವೇ ಸಾಲದಾಗಿದೆಯಂತೆ! ಬೇರು ಚಿಟಿಕೆ ಸತುವನ್ನು ಎಳೆದು ಎಲೆಗೆ ಕಳಿಸದಿದ್ದರೆ ಹಸಿರೇ ಇಲ್ಲ. ಅತಿಯಾದರೆ, ಗರಿಕೆಯಂಥ ಗಟ್ಟಿ ಜೀವ ಅದನ್ನು ತನ್ನ ಕೋಶದ ಮೂಲೆಯೊಂದರಲ್ಲಿ ಕೂಡಿಹಾಕಿ, ಉಳಿದ ಕೆಲಸ ನಡೆಸಿಕೊಂಡು ಹೋಗುತ್ತದೆಂದು ಪಂಡಿತರ ಊಹೆ. ಅತಿಯಾದದ್ದಕ್ಕಷ್ಟೇ ಬೀಗ, ಇಡೀ ಮನೆಗಲ್ಲ. ಹುಲ್ಲಿಗೆ ತಿಳಿದದ್ದು ತಮ್ಮ ಕಚೇರಿಗೆ ಯಾಕೆ ತಿಳಿಯಲಿಲ್ಲ?

ಸತುವಿನ ಉಪ್ಪು ಸಿಂಪಡಿಸಿದ ಮೇಲೆ ಉಳಿದ ಹೊಲವೂ ಚೇತರಿಸಿಕೊಂಡಿತು. ಬುರಾನಸಾಬರ ಒಲೆ ಮಾತ್ರ ಎರಡು ತಿಂಗಳಿಂದ ತಣ್ಣಗಿದೆ. ಅವರು ನನಗೆ ಬೈದಿದ್ದರೆ ಚೆನ್ನಾಗಿತ್ತು. “ಹೋಗ್ಲಿ ಬಿಡ್ರಿ ಉಳವಪ್ಪಾರ, ನಿಮ್ಮ ಬೆಳಿ ಉಳೀತಲ್ಲ” ಎಂದರು. ನನಗೆ ನಾಚಿಕೆಯಾಗಿದೆ. ಒಬ್ಬನೇ ಹೊರಲಾರೆ, ತಾವೂ ಸ್ವಲ್ಪ ಹಂಚಿಕೊಳ್ಳಿ.

ಬರುವ ಸೋಮವಾರದೊಳಗೆ ಹೊಲಕ್ಕೆ ಕಾಲಿಟ್ಟು ನೋಡಿ, ಬೀಗ ತೆಗೆಸಿ. ಬೂದಿ ಹಾಕಲು ಗುಂಡಿಯನ್ನು ನಾನೇ ತೋಡಿಕೊಟ್ಟಿದ್ದೇನೆ. ಕಡತಕ್ಕೆ ತಪ್ಪಿತಸ್ಥನೊಬ್ಬ ಬೇಕೇ ಬೇಕೆಂದರೆ ನನ್ನ ಹೆಸರು ಬರೆದುಕೊಳ್ಳಿ.

ಇಂತಿ,
ತಪ್ಪು ಹೇಳಿದಾಗ ಮಾತ್ರ ತಾವು ನಂಬಿದ
ಉಳವಪ್ಪ