ಯಾರ ಗಾಡಿಯ ಫೋರ್ಕು

ಮದ್ದೂರು

ಜಯಲಕ್ಷ್ಮಕ್ಕನವರಿಗೆ ಮೆಕ್ಯಾನಿಕ್ ಮಹದೇವುವಿನ ನಮಸ್ಕಾರ.

ನಿಡಘಟ್ಟದ ಹತ್ತಿರ ನಿಮ್ಮ ಮಗ ತೇಜು ಬಿದ್ದ ಬೈಕಿಗೆ ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಜೊತೆ ಬದಲಾಯಿಸಿದ್ದೇನೆ. ಹೊಸದರ ಬೆಲೆ ಕೇಳಿ ನೀವು, “ಹಳೇದೇ ಹಾಕು. ಆದ್ರೆ ಸತ್ತೋರ ಗಾಡೀದು ಬ್ಯಾಡ ಕಣಪ್ಪ” ಅಂದಿರಿ. ಸೋಮನಹಳ್ಳಿ ಗುಜರಿಯಲ್ಲಿ ಒಂದು ಜೊತೆ ಸಿಕ್ಕಿತು, ನೆಟ್ಟಗಿದೆ. ಯಾರ ಗಾಡಿಯದೆಂದು ಗುಜರಿಯವನಿಗೂ ಗೊತ್ತಿಲ್ಲ.

ಅದಕ್ಕೇ ನನ್ನ ಬೈಕಿನದನ್ನು ಬಿಚ್ಚಿ ತೇಜುವಿನದಕ್ಕೆ ಹಾಕಿದೆ. ಎರಡೂ ಒಂದೇ ಮಾಡೆಲ್. ಆರು ವರ್ಷ ಓಡಿಸಿದ್ದೇನೆ, ಗಟ್ಟಿಯಾಗಿಯೇ ಇದ್ದೇನೆ. ಗುಜರಿಯದನ್ನು ನನ್ನ ಗಾಡಿಗೆ ಹಾಕಿಕೊಂಡೆ.

ತೇಜುವಿನ ಕಾಲಿನ ಮೂಳೆ ಕೂಡುವವರೆಗೆ ಅವನ ಕೈಗೆ ಬೀಗದ ಕೈ ಕೊಡಬೇಡಿ.

ಸಂತೆಯಲ್ಲಿ ನಮ್ಮವ್ವ ಸಿಕ್ಕಿದರೆ ಈ ಮಾತು ಎತ್ತಬೇಡಿ. ಅವಳೂ ನಿಮ್ಮ ಹಾಗೆಯೇ ಕೇಳುತ್ತಾಳೆ, ಯಾರ ಗಾಡಿಯದು ಎಂದು.

ಇಂತಿ,
ಮಹದೇವು