ಇಬ್ಬರು ಮಕ್ಕಳ ಸೀಸೆ

ಪ್ರೀತಿಯ ತಮ್ಮ ಡೆಲ್ಮರ್,

ಮೊದಲೇ ಹೇಳಿಬಿಡುತ್ತೇನೆ, ಅಮ್ಮ ಇದ್ದಾಳೆ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡೊಡನೆ ನಿನ್ನ ಎದೆ ಧಸಕ್ಕೆಂದಿರುತ್ತದೆ ಅಂತ ನನಗೆ ಗೊತ್ತು. ಉಸಿರು ಬಿಟ್ಟು, ಎಲ್ಲಾದರೂ ಕೂತು ಓದು. ಸರಕಿನ ಬಾರ್ಜ್ ದೋಣಿ ಓಡಿಸುವ ನಿಮ್ಮ ಕಂಪನಿಗೆ ಫೋನ್ ಮಾಡಿ ವಿಳಾಸ ಕೇಳಿದಾಗ, "ಟಪಾಲೆಲ್ಲ ಪಡುಕಾ ಊರಿನ ಆಫೀಸಿಗೆ ಕಳ್ಸಿ, ದೋಣಿ ಬಂದಾಗ ಅವ್ರು ತಗೋತಾರೆ" ಅಂದಳು ಅಲ್ಲಿನ ಹುಡುಗಿ. ಈಗ ನೀನು ಯಾವ ನೀರಿನ ಮೇಲಿದ್ದೀಯೋ, ಇದು ನಿನ್ನ ಕೈ ಸೇರುವುದು ಎಂದೋ ತಿಳಿಯದು. ಬೇಗ ಸೇರಲಿ. ಕಾಯುವಷ್ಟು ಕಾಲ ನಮ್ಮ ಬಳಿ ಉಳಿದಿಲ್ಲ.

ಅಮ್ಮನ ಹೃದಯ ಸೋತಿದೆ. ಪಾದಗಳು ಊದಿಕೊಂಡಿವೆ, ಒಲೆಯಿಂದ ಊಟದ ಮೇಜಿನವರೆಗೆ ಬರುವಷ್ಟರಲ್ಲಿ ಏದುಸಿರು ಬರುತ್ತದೆ. ಡಾಕ್ಟರ್ ಪ್ರೂವಿಟ್ ಔಷಧಿ ಬದಲಾಯಿಸಿ ನೋಡಿದ್ದಾಳೆ. ಆಮೇಲೆ ನನ್ನನ್ನು ಹೊರಗೆ ಕರೆದು, "ಬರೋವ್ರಿದ್ರೆ ಬರೋಕೆ ಹೇಳು ನೊರೀನ್" ಅಂದಳು. ಬರಬೇಕಾದವನು ನೀನೊಬ್ಬನೇ.

ನೀನು ಹೋದದ್ದು ಯಾಕೆಂದು ನಮಗೆ ಗೊತ್ತು. ನೋವಿಗೆಂದು ನೀನು ಕೊಟ್ಟ ಗಿಡದೆಣ್ಣೆ ಅಮ್ಮನನ್ನು ಬೀಳಿಸಿತು ಅಂದುಕೊಂಡು ಹೋದೆ. ಆದರೆ ನೀನು ಹೋದಮೇಲೆ ಅಮ್ಮ ಬಾಯಿಬಿಟ್ಟ ಸಂಗತಿ ನಿನಗೆ ತಿಳಿದಿಲ್ಲ. ಅದನ್ನು ಬರೆಯದಂತೆ ನನ್ನ ಕೈ ಕಟ್ಟಿದ್ದವಳು ಅವಳೇ. ಈಗ ಬಿಚ್ಚಿದ್ದಾಳೆ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಹೊಗೆಸೊಪ್ಪು ಬಿಟ್ಟು ಹೆಂಪ್ ಗಿಡ ಹಾಕೋಣ ಅಂದವನು ನೀನು. ಅಮ್ಮ ತಕ್ಷಣ ಒಪ್ಪಿದ್ದು ನನಗೆ ಆಶ್ಚರ್ಯವಾಗಿತ್ತು. ಜೀವಮಾನವೆಲ್ಲ ಆ ಕೊಟ್ಟಿಗೆಯಲ್ಲಿ ಕೂತು, ಒಣಗಿದ ಹೊಗೆಸೊಪ್ಪನ್ನು ಕಡ್ಡಿಯಿಂದ ಸುಲಿದು ಸುಲಿದು ಅವಳ ಬೆರಳುಗಳು ಸೊಟ್ಟಗಾಗಿದ್ದವು. "ಇಷ್ಟು ವರ್ಷ ಒಂದು ಸೊಪ್ಪು ಒಣಗ್ಸಿ ಊರೋರ ಎದೆ ಸುಟ್ಟಿದ್ದಾಯ್ತು, ಈ ಸೊಪ್ಪಾದ್ರೂ ಯಾರ್ದಾದ್ರೂ ನೋವು ಇಳಿಸ್ಲಿ" ಅಂದಳು. ಚರ್ಚಿನ ಬಾಗಿಲಲ್ಲಿ ಯಾರೋ, "ಇಮೊಜೀನ್, ನಿನ್ ಮಕ್ಳು ಗಾಂಜಾ ಬೆಳೀತಿದಾರಂತೆ?" ಎಂದು ಕೆಣಕಿದಾಗ ಅವಳು ಕೊಟ್ಟ ಉತ್ತರ ನೆನಪಿದೆಯಾ? "ಇದು ಅಮಲೇರೋ ಜಾತಿ ಅಲ್ಲ ಕಣಯ್ಯ. ಅಮಲೇರೋದಾಗಿದ್ರೆ ಪಾದ್ರಿಗಳ ಪ್ರಸಂಗ ಮುಗಿಯೋವರ್ಗೂ ನಾನು ನಗ್‌ನಗ್ತಾ ಕೂತಿರ್ತಿದ್ದೆ." ಪಾದ್ರಿಯೇ ಎಲ್ಲರಿಗಿಂತ ಮೊದಲು ನಕ್ಕಿದ್ದು.

ನಮ್ಮಿಬ್ಬರ ಜಗಳ ಶುರುವಾದದ್ದು ಎಣ್ಣೆ ತೆಗೆಯತೊಡಗಿದ ಮೇಲೆ. ಒಂದೇ ಗಿಡದಲ್ಲಿ ಎಷ್ಟೊಂದು ಸಾರಗಳು! ಹೆಚ್ಚಿನ ಪಾಲು ಸಿಬಿಡಿ. ಎಳೆ ಗಿಡದಲ್ಲಿ ಸಿಬಿಜಿ. ಹಳೆಯ ಸೊಪ್ಪಿನಲ್ಲಿ ಸಿಬಿಎನ್. ಇವುಗಳ ನಡುವೆ ಅಮಲೇರಿಸುವ ಟಿಎಚ್‌ಸಿ, ಅದು ಕಾನೂನು ಬಿಟ್ಟಷ್ಟು, ಉಗುರಿನ ಅಂಚಿನಷ್ಟು ಮಾತ್ರ. ಎಲ್ಲವನ್ನೂ ಕೂಡಿಸಿಯೇ ಕೊಡಬೇಕು ಎಂಬುದು ನಿನ್ನ ಹಟ. "ಗಿಡದಲ್ಲಿ ಒಟ್ಟಿಗೆ ಹುಟ್ಟಿವೆ ಕಣಕ್ಕಾ, ಒಟ್ಟಿಗೇ ಕೆಲ್ಸ ಮಾಡ್ತವೆ. ಚರ್ಚಲ್ಲಿ ನಾಲ್ಕು ದನಿ ಸೇರಿದ್ರೇನೇ ಹಾಡು. ಒಬ್ನೇ ಒದರಿದ್ರೆ ಅದು ಒದರಾಟ" ಅನ್ನುತ್ತಿದ್ದೆ. ನಾನು ಬಿಡುತ್ತಿರಲಿಲ್ಲ. "ನಾಲ್ಕು ಜನ ಒಟ್ಟಿಗೆ ಹಾಡ್ತಿದ್ರೆ ಅಪಸ್ವರ ಯಾರ್ದು ಅಂತ ಹೇಗೋ ಹಿಡೀತೀಯ? ಒಂದೊಂದೇ ಕೊಟ್ಟು ನೋಡ್ಬೇಕು." ಬೀನ್ಸ್ ಸಾರು ತಣ್ಣಗಾಗುವವರೆಗೂ ವಾದಿಸುತ್ತಿದ್ದೆವು. ಅಮ್ಮ ಜೋಳದ ಬ್ರೆಡ್ಡನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿನ್ನುತ್ತಾ, ಒಮ್ಮೆ ನಿನ್ನನ್ನು ಒಮ್ಮೆ ನನ್ನನ್ನು ನೋಡುತ್ತಿದ್ದಳು.

ಹಾಗಾಗಿ ಅವಳ ಅಡಿಗೆಮನೆಯ ಕಿಟಕಿಯಲ್ಲಿ ಎರಡು ಸೀಸೆ ಬಂದು ನಿಂತವು. ಕಂದು ಸೀಸೆ ನಿನ್ನದು, ಎಲ್ಲ ಸಾರಗಳೂ ಬೆರೆತದ್ದು. ನೀಲಿ ಸೀಸೆ ನನ್ನದು, ಬರೀ ಸಿಬಿಡಿ. ನೀನು ಬಂದು, "ಹೇಗಿದೆಯಮ್ಮಾ ಬೆರಳು?" ಎಂದು ಕೇಳಿದರೆ "ನಿನ್ನೆಗಿಂತ ವಾಸಿ ಕಣೋ" ಅನ್ನುತ್ತಿದ್ದಳು. ನಾನು ಕೇಳಿದರೂ ಅದೇ ಮಾತು, ಅದೇ ನಗು. ಅವಳು ನುಂಗುತ್ತಿರುವುದು ನಮ್ಮ ನಮ್ಮ ಸೀಸೆಯ ಹನಿಯನ್ನೇ ಅಂದುಕೊಂಡು, ಇಬ್ಬರೂ ಗೆದ್ದೆವೆಂದು ಬೀಗುತ್ತಿದ್ದೆವು.

ಆ ಮಧ್ಯಾಹ್ನ ನಾವಿಬ್ಬರೂ ಕೊಯ್ದ ಗಿಡಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ನೇತುಹಾಕುತ್ತಿದ್ದೆವು. ಅಮ್ಮನ ಕೂಗು ಮೊದಲು ಕೇಳಿಸಿದ್ದು ನಿನಗೆ. ಅವಳು ಜಗಲಿಯ ಕಂಬ ಹಿಡಿದು ನಿಂತು, "ಕೊಟ್ಟಿಗೆ ನಡ್ಕೊಂಡು ಬರ್ತಿದೆ ಕಣೋ ಡೆಲ್ಮರ್, ಕೋಳಿಗಳ್ನ ಎತ್ಕೋ, ತುಳ್ದುಬಿಡುತ್ತೆ" ಅನ್ನುತ್ತಿದ್ದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಾವು ನಕ್ಕೆವು. ಅಷ್ಟರಲ್ಲಿ ಕೈಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು. ಅಲ್ಲಿ ಮೆಟ್ಟಿಲಿತ್ತು. ಅವಳು ಬಿದ್ದ ಸದ್ದು ಸಣ್ಣದು, ಆದರೆ ಆ ಮುಖ! ನೀನು ಅವಳನ್ನು ಮಗುವಿನಂತೆ ಎತ್ತಿಕೊಂಡು ಟ್ರಕ್ಕಿಗೆ ಓಡಿದೆ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ನರ್ಸ್, "ಏನಾದ್ರೂ ತಗೊಂಡಿದ್ರಾ?" ಎಂದು ಕೇಳಿದಾಗ, ಮಂಪರಿನಲ್ಲಿದ್ದ ಅಮ್ಮ, "ನನ್ ಮಗ ಕೊಟ್ಟಿದ್ದು" ಅಂದಳು. ಅಷ್ಟೇ ಅಂದಳು. ಪರೀಕ್ಷೆಯಲ್ಲಿ ಅಮಲಿನ ಅಂಶ ಸಿಕ್ಕಿತು. "ಸೀಸೆಗೆ ಏನ್ ಹಾಕಿದ್ದೆ?" ಎಂದು ನಾನು ನಿನ್ನನ್ನು ಕೇಳಿದೆ, ಕೇಳಲೇಬೇಕಾದ ಪ್ರಶ್ನೆ ಅದು, ಡಾಕ್ಟರಿಗೆ ಉತ್ತರ ಬೇಕಿತ್ತು. "ಯಾವಾಗ್ಲೂ ಹಾಕೋದೇ ಹಾಕಿದ್ದೆ" ಅಂದೆ. ಶಸ್ತ್ರಚಿಕಿತ್ಸೆ ಮುಗಿದು ಅಮ್ಮ ಕಣ್ಣು ತೆರೆಯುವವರೆಗೆ ನೀನು ಗೋಡೆಗೊರಗಿ ನಿಂತಿದ್ದೆ. ಆಮೇಲೆ ಮನೆಗೆ ಹೋಗಿ ನಿನ್ನ ಎಣ್ಣೆಯನ್ನೆಲ್ಲ ತೊರೆಯ ಪಕ್ಕದ ಮಣ್ಣಿಗೆ ಸುರಿದೆಯಂತೆ. ಅಮ್ಮ ಎದ್ದು ಕೂರುವಷ್ಟರಲ್ಲಿ ನೀನು ಓಹಾಯೋ ನದಿಯ ಮೇಲೆ ಬಾರ್ಜ್ ತಳ್ಳುವ ದೋಣಿಯಲ್ಲಿ ಹಗ್ಗ ಕಟ್ಟುತ್ತಿದ್ದೆ.

ಈಗ ನಿನಗೆ ಗೊತ್ತಿಲ್ಲದ್ದನ್ನು ಕೇಳು.

ಡಾಕ್ಟರ್ ಪ್ರೂವಿಟ್ ಒಂದು ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು, ಅಮ್ಮನ ಕೈ ಹಿಡಿದು, "ಬೈಯೋಕೆ ಬಂದಿಲ್ಲ ಇಮೊಜೀನ್. ಬಾಯಿಗೆ ಹಾಕ್ಕೊಂಡಿದ್ದೆಲ್ಲ ಹೇಳಿ" ಅಂದಳು. ಅಮ್ಮ ಸೂರು ನೋಡಿದಳು. ನನ್ನನ್ನು ನೋಡಿದಳು. "ನೊರೀನ್ ಆಚೆ ಹೋಗ್ಲಿ" ಅಂದಳು. ನಾನು ಹೋಗಲಿಲ್ಲ. ಕೊನೆಗೆ ಹೇಳಿದಳು: "ಎರಡೂ ತಗೋತಿದ್ದೆ. ಇವ್ಳದ್ದು ತಗೊಂಡು ಅವನದ್ದು ಬಿಟ್ರೆ ಅವನು ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡ್ತಾನೆ, ಮುಖ ಸಣ್ಣ ಮಾಡ್ಕೋತಾನೆ. ಅವನದ್ದು ತಗೊಂಡು ಇವ್ಳದ್ದು ಬಿಟ್ರೆ ಇವ್ಳು ಮಾತೇ ಬಿಡ್ತಾಳೆ. ಇಬ್ರನ್ನೂ ಹೆತ್ತಿದೀನಲ್ಲ, ಎರಡೂ ನುಂಗ್ದೆ."

ಅಷ್ಟಕ್ಕೇ ಮುಗಿಯಲಿಲ್ಲ. ಅವಳ ಗೆಳತಿ ವಿಲ್ಡಾ ಪೆಟ್ರೋಲ್ ಬಂಕಿನಿಂದ ಜೆಲ್ಲಿ ಮಿಠಾಯಿ ತಂದುಕೊಟ್ಟಿದ್ದಳಂತೆ. ಪೊಟ್ಟಣದ ಮೇಲೆ ಹೆಂಪ್ ಎಲೆಯ ಚಿತ್ರ. "ನಿಮ್ ಮನೇಲಿ ಬೆಳೆಯೋದ್ರಿಂದ್ಲೇ ಮಾಡಿದ್ದು, ನಂಗಂತೂ ನಿದ್ದೆ ಬಂತು" ಅಂದಳಂತೆ. ಅಮ್ಮ ಒಂದು ತಿಂದಳು. ಏನೂ ಆಗಲಿಲ್ಲ. "ನನ್ ಮಕ್ಳದ್ರಷ್ಟು ಗಟ್ಟಿಯಿಲ್ಲ" ಅಂದುಕೊಂಡು ಇನ್ನೊಂದು ತಿಂದಳು. ಅದರ ಮೇಲೆ ಎಂದಿನಂತೆ ನಿನ್ನ ಹನಿ, ನನ್ನ ಹನಿ. ವಿಲ್ಡಾ ಬಂದು ಆ ಪೊಟ್ಟಣ ಕೊಟ್ಟಾಗ ಡಾಕ್ಟರ್ ಅದನ್ನು ಓದಿ ಹಣೆ ಉಜ್ಜಿಕೊಂಡಳು. ಹೆಂಪ್‌ನಿಂದ ಮಾಡಿದ್ದು ನಿಜವೇ. ಆದರೆ ಅದರೊಳಗಿದ್ದದ್ದು ತಲೆಗೇರುವ ಸಾರ. ನಿನ್ನ ಸೀಸೆ ಪೂರ್ತಿ ಕುಡಿದರೂ ಸಿಗದಷ್ಟು ಒಂದೊಂದು ಮಿಠಾಯಿಯಲ್ಲಿತ್ತು.

ನಾನು ಕೇಳಿದೆ, "ಸಿಬಿಡಿ ಜೊತೆಗಿದ್ರೆ ಅಮಲು ಕಮ್ಮಿಯಾಗುತ್ತೆ ಅಂತಾರಲ್ಲ ಡಾಕ್ಟ್ರೇ?" ಎಂದು. ನೀನೂ ಹಾಗೇ ಹೇಳುತ್ತಿದ್ದೆ. ಅವಳು ತಲೆ ಅಲ್ಲಾಡಿಸಿದಳು. "ಕೆಲವು ಸಲ ಹಾಗನ್ಸುತ್ತೆ. ಆದ್ರೆ ಬಾಯಲ್ಲಿ ತಗೊಂಡಾಗ ಎರಡೂ ಯಕೃತ್ತಿನ ಒಂದೇ ಬಾಗಿಲಿಂದ ಆಚೆ ಹೋಗ್ಬೇಕು. ಸಿಬಿಡಿ ಆ ಬಾಗಿಲಲ್ಲಿ ಅಡ್ಡ ನಿಂತ್ರೆ ಅಮಲಿನದ್ದು ಒಳಗೇ ಉಳ್ಯುತ್ತೆ. ಇನ್ನೂ ಜಾಸ್ತಿ ಆಗ್ಬಹುದು, ಇನ್ನೂ ಹೊತ್ತು ಇರ್ಬಹುದು. ಇವ್ರ ವಿಷ್ಯದಲ್ಲಿ ಎಷ್ಟು ಪಾಲು ಯಾವುದರದ್ದು ಅಂತ ನಾನು ಹೇಳ್ಲಾರೆ, ಯಾರೂ ಹೇಳ್ಲಾರ್ರು. ಮೂರೂ ಒಂದೇ ಹೊಟ್ಟೇಲಿ ಸೇರಿದ್ವು, ಅಷ್ಟೇ ನಂಗೆ ಗೊತ್ತು." ಬಾಗಿಲಿಗೆ ಅಡ್ಡ ನಿಂತದ್ದು ನಿನ್ನ ಕಂದು ಸೀಸೆಯಷ್ಟೇ ಅಲ್ಲ ಡೆಲ್ಮರ್. ಬರೀ ಸಿಬಿಡಿ ತುಂಬಿದ್ದ ನನ್ನ ನೀಲಿ ಸೀಸೆಯೂ ಅಲ್ಲಿ ನಿಂತಿರಬೇಕು.

ಅಂದೇ ನಿನಗೆ ಫೋನ್ ಮಾಡಿದೆ. ನನ್ನ ದನಿ ಕೇಳಿದೊಡನೆ ನೀನು, "ಅಮ್ಮ ಚೆನ್ನಾಗಿದಾಳಾ?" ಎಂದು ಕೇಳಿ, "ಹೂಂ" ಅಂದಕೂಡಲೇ ಇಟ್ಟುಬಿಟ್ಟೆ. ಆಮೇಲೆ ಎತ್ತಲೇ ಇಲ್ಲ. ಪತ್ರ ಬರೆಯುತ್ತೇನೆಂದರೆ ಅಮ್ಮ ಒಪ್ಪಲಿಲ್ಲ. "ಬೇಡ ಕಣೇ. ಅಕ್ಕ ನನ್ ಸಮಾಧಾನಕ್ಕೆ ಕಥೆ ಕಟ್ಟಿದಾಳೆ ಅನ್ಕೋತಾನೆ. ಬಂದೇ ಬರ್ತಾನೆ. ಅವನ ಮುಖ ನೋಡ್ಕೊಂಡು ನಾನೇ ಹೇಳ್ಬೇಕು" ಅಂದಳು. ಎರಡು ಕ್ರಿಸ್‌ಮಸ್‌ಗೂ ನಿನ್ನ ಪಾಲಿನ ಹಂದಿಮಾಂಸವನ್ನು ಉಪ್ಪಿನಲ್ಲಿಟ್ಟು ಕಾದಳು. ನೀನು ಕಳಿಸಿದ್ದು ಒಂದು ಕಾರ್ಡು ಮತ್ತು ಅದರೊಳಗೆ ಹಣ. ಅವಳಿಗೆ ಹಣ ಬೇಕಿರಲಿಲ್ಲ.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಡಾಕ್ಟರ್ ಎಲ್ಲ ಎಣ್ಣೆಯನ್ನೂ ನಿಲ್ಲಿಸಿದಳು. ಕೋಲು ಹಿಡಿದು ನಡೆಯಲು ಕಲಿತ ಮೇಲೆ, ಅಮ್ಮನೇ ಹಟ ಮಾಡಿ ಕೇಳಿದ್ದಕ್ಕೆ ಸಿಬಿಡಿ ಒಂದನ್ನೇ, ತೀರ ಸ್ವಲ್ಪ, ಮತ್ತೆ ಶುರುಮಾಡಲು ಒಪ್ಪಿದಳು. ಉಳಿದ ಮಾತ್ರೆಗಳ ಜೊತೆ ಹೊಂದುತ್ತದೆಯೇ ಎಂದು ರಕ್ತಪರೀಕ್ಷೆ ಮಾಡಿಸುತ್ತಿದ್ದಳು. ಬೆರಳ ಬಿಗಿತ ಕೊಂಚ ಇಳಿಯಿತು, ಆದರೆ ನಿದ್ದೆ ಬರಲಿಲ್ಲ. ಒಂದು ಋತು ಕಳೆದ ಮೇಲೆ ಅದಕ್ಕೆ ಸಿಬಿಜಿ ಸೇರಿಸಿದೆವು. ಟಿಎಚ್‌ಸಿಯ ಸೋಂಕೂ ಇಲ್ಲದ್ದು. ನಿನಗೆ ಹೇಳಲೇಬೇಕಾದ ಇನ್ನೊಂದು ಮಾತು ಇದೇ: ಆ ಜೋಡಿ ಅವಳಿಗೆ ಒಗ್ಗಿತು. ಅಮ್ಮ ಬೆಳಗಿನವರೆಗೆ ಮಲಗತೊಡಗಿದಳು. ಹಿಟ್ಟು ನಾದಿ ತನ್ನ ಕೈಯಾರೆ ಬಿಸ್ಕತ್ತು ಲಟ್ಟಿಸಿದಳು. "ನಿನ್ ತಮ್ಮನ ಮಾತು ಪೂರ್ತಿ ಸುಳ್ಳಲ್ಲ ಕಣೇ. ಎರಡು ದನಿ ಕೂಡ್ತು ನೋಡು" ಎಂದು ನನ್ನನ್ನು ಚುಚ್ಚಿದಳು. ಡಾಕ್ಟರ್ ಮಾತ್ರ, "ಇವ್ರಿಗೆ ಆಯ್ತು, ಅದನ್ನೇ ಊರಿಗೆಲ್ಲ ಸಾರ್ಬೇಡಿ. ಗೊತ್ತಿಲ್ದೇ ಇರೋದೇ ಜಾಸ್ತಿ" ಅಂದಳು. ಎಣ್ಣೆ ಕೊಳ್ಳಲು ಬಂದವರನ್ನು ನಾನೀಗ ಮೊದಲು ಕೇಳುವುದು ಮನೆಯಲ್ಲಿ ಇನ್ನೇನು ತಗೋತಿದ್ದೀರಿ ಎಂದು. ಕೆಲವರು ಸಿಟ್ಟಾಗಿ ಎದ್ದುಹೋಗುತ್ತಾರೆ. ಹೋಗಲಿ.

ಕಳೆದ ವಸಂತದಿಂದ ಅಮ್ಮನಿಗೊಂದು ರೂಢಿಯಾಗಿತ್ತು. ಚರ್ಚ್ ಮುಗಿದ ಮೇಲೆ ಮನೆಗೆ ಬರಲು ಒಪ್ಪುತ್ತಿರಲಿಲ್ಲ. ಕಾರನ್ನು ಮೇಸ್‌ವಿಲ್ಲಿನ ನದಿದಂಡೆಗೆ ತಿರುಗಿಸಬೇಕಿತ್ತು. ಕಿಟಕಿ ಇಳಿಸಿ ಕೂರುತ್ತಿದ್ದಳು. ಕಲ್ಲಿದ್ದಲು ಹೊತ್ತ ಬಾರ್ಜುಗಳನ್ನು ತಳ್ಳಿಕೊಂಡು ದೋಣಿಗಳು ನಿಧಾನವಾಗಿ ಹಾದುಹೋಗುವಾಗ ಒಂದೊಂದಕ್ಕೂ ಕೈ ಬೀಸುತ್ತಿದ್ದಳು. "ಅದು ಬೇರೆ ಕಂಪನಿದಮ್ಮಾ, ಅವನಿರೋ ದೋಣಿ ಅಲ್ಲ" ಅಂದೆ ಒಮ್ಮೆ. "ಇರ್ಲಿ ಬಿಡೇ. ಯಾರ್ದೋ ಮಗ ಇರ್ತಾನಲ್ಲ ಅದ್ರಲ್ಲಿ" ಅಂದಳು, ಕೈ ಇಳಿಸದೆ. ಒಮ್ಮೆ ಒಬ್ಬ ಚುಕ್ಕಾಣಿಗ ಉದ್ದಕ್ಕೆ ಕೊಂಬು ಊದಿದ. ಅವಳು ಚಿಕ್ಕ ಹುಡುಗಿಯಂತೆ ನಕ್ಕಳು, ಆಮೇಲೆ ಕರವಸ್ತ್ರ ಹುಡುಕಿದಳು.

ಈ ಭಾನುವಾರ ಹೋಗಲಾಗಲಿಲ್ಲ. ಕೋಟು ಹಾಕಿಕೊಂಡವಳು ಬಾಗಿಲ ಬಳಿ ನಿಂತು, ಕುರ್ಚಿ ತರಿಸಿ ಕೂತುಬಿಟ್ಟಳು. ಆಮೇಲೆ ಗುಂಡಿ ಬಿಚ್ಚುತ್ತಾ ಅಂದಳು: "ಅವನ ಮುಖ ನೋಡ್ಕೊಂಡೇ ಹೇಳ್ತೀನಿ ಅಂತಿದ್ದೆ. ಇನ್ನು ಕಾಯೋಕಾಗಲ್ಲ ನೊರೀನ್. ನೀನೇ ಬರಿ. ಮೂರೂ ನುಂಗಿದ್ದು ನಾನು ಅಂತ ಬರಿ. ಅವನು ಬೀಳ್ಸಲಿಲ್ಲ, ಬಿದ್ದೋಳ್ನ ಎತ್ಕೊಂಡ ಅಂತ ಬರಿ."

ಮುಂದೆ ಏನು ಬರೆಯಲಿ ಎಂದು ಕೇಳಿದೆ. "ಹಸ್ಕೊಂಡು ಬಾ ಅನ್ನು" ಅಂದಳು.

ಅಷ್ಟೇ ಕಣೋ. ಬಾ. ದೋಣಿ ಯಾವ ಊರಲ್ಲಿ ದಡ ಮುಟ್ಟಿದರೂ ಫೋನ್ ಮಾಡು, ಟ್ರಕ್ ತೆಗೆದುಕೊಂಡು ನಾನೇ ಬರುತ್ತೇನೆ. ಏನು ಮಾತಾಡಲಿ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಬೇಡ. ಅವಳ ಮಂಚದ ಪಕ್ಕ ಕೂತು, ಬಡಿಸಿದ್ದು ತಿನ್ನು. ಅವಳಿಗೆ ಬೇಕಿರುವುದು ಅದೊಂದೇ.

ನೀರಿನ ಮೇಲೆ ನಿನ್ನ ಹೆಜ್ಜೆ ಗಟ್ಟಿಯಾಗಿರಲಿ. ಅವಳ ಕಣ್ಣು ತೆರೆದಿರುವಾಗಲೇ ದೇವರು ನಿನ್ನನ್ನು ಮನೆ ಸೇರಿಸಲಿ.

ದಾರಿ ನೋಡುತ್ತಿರುವ,
ನಿನ್ನ ಅಕ್ಕ
ನೊರೀನ್